ದಲ್ಲಾಳಿ ಬೇಡವೆಂದವನಿಗೆ ಒಂದು ‘ಇಲ್ಲ’ ಕೊಡಿಸುವ ಬಗ್ಗೆ

ಇಂದ:
ಸುಗತ, ಎಂ.ಎ. (ತತ್ವಶಾಸ್ತ್ರ),
ಬಾಡಿಗೆದಾರ, ಕೆರೆಯ ಹಿಂದಿನ ಬೀದಿ, ಹಲಸೂರು.

ಗೆ:
ಜನಾಬ್ ಅಹ್ಮದ್ ಪಾಷಾ ಅವರು,
ಮನೆ ಮತ್ತು ಸೈಟು ದಲ್ಲಾಳಿಗಳು,
ಟೀ ಅಂಗಡಿಯ ಎಡಗಡೆ ಬೆಂಚು, ಮಾಸ್ಕ್ ರಸ್ತೆ, ಪುಲಿಕೇಶಿನಗರ.

ವಿಷಯ: ಫ್ಲಾಟು ಕೊಡುವುದಿಲ್ಲ ಎಂಬ ಮಾತನ್ನು ಮಾಲೀಕರ ಬಾಯಿಂದಲೇ ಹೊರಡಿಸಿಕೊಡುವ ಕುರಿತು.

ಉಲ್ಲೇಖ: ೧) ಕಳೆದ ಬೇಸಿಗೆಯಲ್ಲಿ ಸದರಿ ಬೆಂಚಿನ ಮೇಲೆ ಅರ್ಜಿದಾರನು ತಮಗೆ ನೀಡಿದ ಉಪನ್ಯಾಸ. ೨) ಅದನ್ನು ಪೂರ್ತಿ ಕೇಳಿದ ಮೇಲೂ ತಾವೇ ಕೊಟ್ಟ ಟೀ ದುಡ್ಡು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರನ ನಿವೇದನೆ ಏನೆಂದರೆ:

೧. ಮನೆ ಕೊಳ್ಳಲು ದಲ್ಲಾಳಿ ಬೇಕೇ ಎಂದು ಅರ್ಜಿದಾರನು ಬಹಳ ಯೋಚಿಸಿ, ಬೇಡ ಎಂದು ತೀರ್ಮಾನಿಸಿದ್ದನು. ಕಮಿಷನ್ ಉಳಿಯುತ್ತದೆ ಎಂದು ಹೆಂಡತಿ ಬೃಂದಾಳಿಗೆ ಹೇಳಿದ್ದು ನಿಜ. ಆದರೆ ಕಾರಣ ಬೇರೆ. ಮೊದಲ ಭೇಟಿಯಲ್ಲೇ ತಾವು ಕೇಳಿದ್ದಿರಿ: “ಸಾರ್, ಬೇಜಾರ್ ಮಾಡ್ಕೋಬೇಡಿ. ಓನರ್ ಕೇಳೇ ಕೇಳ್ತಾರೆ, ಅದಕ್ಕೆ ನಾನೇ ಕೇಳ್ಬಿಡ್ತೀನಿ. ನೀವು ಯಾವ ಜನ?” ಅರ್ಜಿದಾರನು ಕೆಂಪಾಗಿ, ಇಬ್ಬರು ಮನುಷ್ಯರ ನಡುವೆ ಮೂರನೆಯವನು ಕೂತರೆ ಸತ್ಯಕ್ಕೆ ಕೂರಲು ಜಾಗವಿರುವುದಿಲ್ಲ ಎಂಬ ಅರ್ಥದ ಉಪನ್ಯಾಸ ನೀಡಿದನು. ತಾವು ಗ್ಲಾಸು ಕೆಳಗಿಟ್ಟು, “ಕರೆಕ್ಟ್ ಸಾರ್. ಡೈರೆಕ್ಟಾಗೇ ಹೋಗಿ. ನಾನ್ ಕೇಳ್ತೀನಿ, ಬೈಸ್ಕೋತೀನಿ. ಕೇಳದೇ ಇರೋರ್ ಹತ್ರ ಸ್ವಲ್ಪ ಹುಷಾರು” ಎಂದಿರಿ. ಇದು ವ್ಯಾಪಾರ ಕಳೆದುಕೊಂಡವರ ಮಾತು ಎಂದು ಅರ್ಜಿದಾರನು ದಾಖಲಿಸಿಕೊಂಡನು.

೨. ತರುವಾಯ ಕೆ.ಆರ್.ಪುರದ ಆಚೆ, ಹಿಂದೆ ರಾಗಿ ಹೊಲವಾಗಿದ್ದ ಜಾಗದಲ್ಲಿ ಒಂದು ಫ್ಲಾಟು ಕಣ್ಣಿಗೆ ಬಿತ್ತು. ಹೊಲದ ಯಜಮಾನರಾದ ಬೈಲಪ್ಪನವರು ಬಿಲ್ಡರಿಗೆ ಜಮೀನು ಕೊಟ್ಟು ಪಾಲಿಗೆ ಪಡೆದ ಫ್ಲಾಟುಗಳಲ್ಲಿ ಇದೂ ಒಂದು. ಗೇಟಿನಲ್ಲಿ ‘ಮಾರಾಟಕ್ಕಿದೆ, ದಲ್ಲಾಳಿಗಳು ಬೇಡ’ ಎಂಬ ಬೋರ್ಡು. ತನ್ನ ತತ್ವವನ್ನು ಯಾರೋ ತಗಡಿನ ಮೇಲೆ ಬರೆಸಿ ನೇತುಹಾಕಿದ್ದಾರೆ ಎಂದು ಅರ್ಜಿದಾರನಿಗೆ ಸಂತೋಷವಾಯಿತು. ಬೃಂದಾ ಅಡುಗೆಮನೆಯ ಬಾಲ್ಕನಿಯಲ್ಲಿ ನಿಂತು ಕರಿಬೇವಿನ ಕುಂಡ ಎಲ್ಲಿಡಬೇಕೆಂದು ಕೂಡ ನಿರ್ಧರಿಸಿದಳು.

೩. ಮೊದಲ ಭಾನುವಾರ ಬೈಲಪ್ಪನವರು ಕೈಹಿಡಿದು ಒಳಗೆ ಕರೆದು, “ಬ್ರೋಕರ್ ಇಲ್ದೆ ಬಂದ್ರಲ್ಲ ಸಾರ್, ಅದೇ ದೊಡ್ಡದು” ಎಂದರು. ಅವರ ಮನೆಯವರಾದ ಆಂಜನಮ್ಮನವರು ಸ್ಟೀಲ್ ಲೋಟದಲ್ಲಿ ಕಾಫಿ ತಂದರು. ಲೋಟ ಖಾಲಿಯಾಗುವಷ್ಟರಲ್ಲಿ ಬೆಲೆಯೂ ಕುದುರಿತು. ಹೊರಡುವಾಗ ಬೈಲಪ್ಪನವರು ಸುಮ್ಮನೆ ಕೇಳಿದರು:

“ಸುಗತ ಅಂದ್ರೆ ಏನರ್ಥ ಸಾರ್? ಹೊಸ ಥರ ಇದೆ.”

“ಬುದ್ಧನ ಹೆಸರು. ನಮ್ಮಪ್ಪ ಇಟ್ಟಿದ್ದು.”

“ಓ... ಒಳ್ಳೇದು, ಒಳ್ಳೇದು.”

ಆಮೇಲೆ ಒಂದು ಮೌನ. ಅರ್ಜಿದಾರನಿಗೆ ಮೌನವೆಂದರೆ ಮೊದಲಿನಿಂದಲೂ ಇಷ್ಟವಾದ್ದರಿಂದ ಅದನ್ನೂ ಇಷ್ಟಪಟ್ಟನು.

೪. ಅಂದಿನಿಂದ ಪಂಚಾಂಗದಲ್ಲಿ ಅರ್ಜಿದಾರನಿಗೆ ಜಾಗವಿಲ್ಲ. “ಆಷಾಢ ಕಳೀಲಿ ಸಾರ್.” ಆಷಾಢ ಕಳೆಯಿತು. “ವರಮಹಾಲಕ್ಷ್ಮಿ ಹಬ್ಬ ಆಗ್ಲಿ.” ಆಯಿತು. “ಅಳಿಯನ್ನ ಒಂದ್ಮಾತು ಕೇಳ್ಬೇಕು.” ಅಳಿಯಂದಿರು ಊರಲ್ಲಿಲ್ಲ. ಬಂದ ಮೇಲೆ, “ಈಗ ಪಿತೃಪಕ್ಷ ಅಲ್ವಾ?” ಬೇಡ ಎಂದು ಬೈಲಪ್ಪನವರು ಒಮ್ಮೆಯೂ ಹೇಳಿಲ್ಲ. ಅಷ್ಟು ಮರ್ಯಾದಸ್ಥರು. ಬೋರ್ಡು ಇನ್ನೂ ಗೇಟಿನಲ್ಲೇ ಇದೆ.

೫. ಎರಡನೆಯ ಭೇಟಿಯಿಂದ ಮಾತುಕತೆ ವರಾಂಡದಲ್ಲಿ. ಕಾಫಿ ಪೇಪರ್ ಲೋಟದಲ್ಲಿ. ಅರ್ಜಿದಾರನು ಲೋಟವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ್ದರಿಂದಲೋ ಏನೋ, ಆಂಜನಮ್ಮನವರು ತಾವಾಗಿಯೇ, “ಎಲ್ಲೆಲ್ಲೂ ಜ್ವರ ಕಣಪ್ಪಾ, ಇದೇ ವಾಸಿ” ಎಂದರು. ಪಕ್ಕದಲ್ಲಿ ಬೈಲಪ್ಪನವರು ಜ್ವರದ ಭಯವಿಲ್ಲದೆ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದರು. ಕಾಫಿ ಮಾತ್ರ ಎಂದಿನಂತೆ ಚೆನ್ನಾಗಿತ್ತು.

೬. ಆ ಎರಡನೆಯ ಭೇಟಿಯಿಂದ ವಾಪಸು ಬರುವಾಗ ಮೆಟ್ರೋದಲ್ಲಿ ಬೃಂದಾ ಹೇಳಿದಳು: “ಅವ್ರು ಉತ್ತರ ಕೊಟ್ಟಾಯ್ತು ಸುಗತ. ಕುಡಿದು ಕಸದ ಬುಟ್ಟಿಗೆ ಹಾಕ್ಬಂದ್ವಿ.”

“ಅವರು ಏನೂ ಅಂದಿಲ್ಲವಲ್ಲ?”

“ನಿನಗೆ ಎಲ್ಲಾ ಮೌನಾನೂ ಧ್ಯಾನ. ಆ ಪಾಷಾ ಆಗಿದ್ರೆ ಒಂದೇ ಫೋನಲ್ಲಿ ಹೇಳಿರೋರು. ನಾನು ಕುಂಡದ ಜಾಗ ನೋಡ್ತಾನೇ ಇರ್ಲಿಲ್ಲ.”

ಹಲಸೂರು ಬರುವ ತನಕ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಈ ಮೌನ ಅರ್ಜಿದಾರನಿಗೆ ಇಷ್ಟವಾಗಲಿಲ್ಲ.

೭. ಈಗಿರುವ ಬಾಡಿಗೆ ಮನೆಯನ್ನು ದೀಪಾವಳಿಯೊಳಗೆ ಬಿಡಬೇಕಾಗಿದೆ. ಆದರೂ ಇಲ್ಲ ಎನ್ನಿಸಿಕೊಳ್ಳದೆ ಬೇರೆ ಮನೆ ಹುಡುಕಲು ಅರ್ಜಿದಾರನಿಗೆ ಕಾಲು ಬರುತ್ತಿಲ್ಲ. ಯಾಕೆಂದರೆ ಆಡದ ಮಾತಿನ ಮೇಲೆ ಜಗಳವಾಡಲು ಆಗುವುದಿಲ್ಲ. ತಪ್ಪು ತಿಳಿದದ್ದು ತಾನೇ ಇರಬಹುದೇ ಎಂದು ತನ್ನನ್ನೇ ವಿಚಾರಣೆಗೆ ಕರೆದುಕೊಳ್ಳುತ್ತ ಕೂರಬೇಕಾಗುತ್ತದೆ.

ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ ಸದರಿ ವರಾಂಡಕ್ಕೆ ತೆರಳಿ, ಬೋರ್ಡನ್ನು ಲೆಕ್ಕಿಸದೆ, “ಸುಗತ ಅವರಿಗೆ ಕೊಡ್ತೀರೋ ಇಲ್ವೋ, ಇಲ್ಲ ಅಂದ್ರೆ ಯಾಕೆ?” ಎಂದು ಬಾಯಿಬಿಟ್ಟು ಕೇಳಬೇಕು. ಕೊಡುವುದಿಲ್ಲ ಎಂದರೆ ಚೌಕಾಸಿ ಬೇಡ. ಆ ಮಾತನ್ನು ಅಂದ ಹಾಗೆಯೇ ತಂದು ಒಪ್ಪಿಸಬೇಕು. ಕಮಿಷನ್ ಪೂರ್ತಿ ಸಲ್ಲುತ್ತದೆ. ಫ್ಲಾಟು ಸಿಕ್ಕವರು ಕೊಡುವಷ್ಟೇ, ಸಿಗದವನೂ ಕೊಡುತ್ತಾನೆ.

ಇಂತಿ, ಉಪನ್ಯಾಸವನ್ನು ಹಿಂದಕ್ಕೆ ಪಡೆದಿರುವ
ತಮ್ಮ ವಿಶ್ವಾಸಿ,
ಸುಗತ

ಲಗತ್ತು: ಪೇಪರ್ ಲೋಟ, ಒಂದು. ಕೊನೆಯ ಭೇಟಿಯದು, ಬುಟ್ಟಿಗೆ ಹಾಕದೆ ತಂದದ್ದು, ತೊಳೆದಿದೆ.

ವಿ.ಸೂ.: ಅಲ್ಲಿ ತಮಗೂ ಕಾಫಿ ಬರುತ್ತದೆ. ಯಾವ ಲೋಟದಲ್ಲಿ ಬಂತೆಂದು ತಿಳಿಸಬೇಕಾಗಿ ವಿನಂತಿ. ತಮ್ಮದೂ ಪೇಪರಿನದೇ ಆದಲ್ಲಿ, ಕುಡಿಯದೆ ಎದ್ದು ಬನ್ನಿ. ಅರ್ಜಿದಾರನು ಬೆಂಚಿನ ಮೇಲೆ ಕಾದಿರುತ್ತಾನೆ. ಈ ಸಲದ ಟೀ ಅವನದು, ಗಾಜಿನ ಲೋಟದಲ್ಲಿ.