ಮಗಳ ಹುರುಪಿನ ಜಾಡು ಹಿಡಿದು

ಅನುಮಾನ ಪಡುವುದು ಕೆಟ್ಟ ಗುಣ ಎನ್ನುತ್ತಾರೆ. ಇರಬಹುದು. ಆದರೆ ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದವನಿಗೆ ಇನ್ನಾವ ಗುಣ ಬಂದೀತು? ಹುಡುಗ ಲೆಕ್ಕ ಸರಿ ಮಾಡಿದರೆ ಪಕ್ಕದವನದು ನೋಡಿ ಬರೆದಿದ್ದಾನೆ ಎನಿಸುತ್ತದೆ. ತಪ್ಪು ಮಾಡಿದರೆ ನನ್ನನ್ನು ರೇಗಿಸಲೆಂದೇ ಬರೆದಿದ್ದಾನೆ ಎನಿಸುತ್ತದೆ. ಮನೆಗೆ ಬಂದರೂ ಈ ಚಾಳಿ ಬಿಡದು. ನನ್ನಾಕೆ ಕೇಳದೆಯೇ ಎರಡನೇ ಲೋಟ ಕಾಫಿ ಕೊಟ್ಟರೆ, ತವರಿನಿಂದ ಯಾರೋ ಬರುವವರಿದ್ದಾರೆ ಎಂದುಕೊಳ್ಳುತ್ತೇನೆ. ಬಂದೇ ಬಂದಿದ್ದಾರೆ, ಆ ಮಾತು ಬೇರೆ.

ಇಂಥವನ ಮಗಳು ಶುಭಾ, ಹತ್ತನೇ ತರಗತಿಗೆ ಕಾಲಿಡುವ ಮುನ್ನ ಮೈಸೂರಿನ ಬೇಸಿಗೆ ಶಿಬಿರಕ್ಕೆ ಹತ್ತು ದಿನ ಹೋಗಿ ಬಂದಳು. ಬಂದವಳೇ, "ಅಪ್ಪ, ನಮ್ ಸ್ಕೂಲಲ್ಲಿ ಹುರುಪೇ ಇಲ್ಲ. ಎಲ್ಲಾ ಸೇರ್ಕೊಂಡು ಏನಾದ್ರೂ ಮಾಡ್ಬೇಕು" ಎಂದಳು. ಅವಳ ಸ್ಕೂಲೆಂದರೆ ರಾವಂದೂರಿನ ಕಡೆಯ ನನ್ನದೇ ಸ್ಕೂಲು. ಅವಳ ಕ್ಲಾಸ್ ಟೀಚರೂ ನಾನೇ. ಇದು ಸ್ಕೂಲಿನ ಮೇಲಿನ ದೂರೋ ನನ್ನ ಮೇಲಿನದೋ ಎಂದು ಎರಡು ದಿನ ಊಟ ರುಚಿಸಲಿಲ್ಲ.

ಜೂನ್ ತಿಂಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿ ಘೋಷಣೆ ಕೂಗಿಸಿದಳು. ಹೆಡ್ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಏನ್ರೀ, ಸ್ಟ್ರೈಕ್ ಗೀಕ್ ಮಾಡಿಸ್ತಾಳಾ ನಿಮ್ ಮಗಳು?" ಎಂದು ಕೇಳಿದರು. ಅನುಮಾನದಲ್ಲಿ ಅವರು ನನಗಿಂತ ಸೀನಿಯರ್. ಆದರೆ ಹೊಗೆಸೊಪ್ಪು ಮುರಿಯುವ ಕಾಲ ಶುರುವಾದದ್ದೇ ಘೋಷಣೆ ಕೂಗುವವರೇ ಇಲ್ಲವಾದರು. ಆ ಕಾಲಕ್ಕೆ ಪ್ರತಿ ವರ್ಷವೂ ಅರ್ಧ ಶಾಲೆ ಹೊಲದಲ್ಲಿರುತ್ತದೆ. ಶುಭಾಳ ಪಕ್ಕದಲ್ಲೇ ಕೂರುವ ಮಂಗಳಾ ಬರುವುದಂತೂ ತೀರಾ ಅಪರೂಪವಾಯಿತು. ಅವಳಪ್ಪ ಜವರೇಗೌಡರು ದಾರಿಯಲ್ಲಿ ಸಿಕ್ಕಿ, "ಸಾಕು ಬುಡಿ ಮೇಷ್ಟ್ರೇ. ಎಲ್ಡ್ ದಿನ ಬರದು, ನಾಕ್ ದಿನ ಬುಡದು, ಏನ್ ಓದಾಳು? ಸ್ಕೂಲು ಬುಡಿಸ್ಬುಡ್ತೀನಿ" ಎಂದರು. ಮನೆಯಲ್ಲಿ ಹೇಳಿದೆ. ಶುಭಾ ತಟ್ಟೆ ಬಿಟ್ಟು ಎದ್ದುಹೋಗಿ ಅತ್ತಳು.

ಮರುವಾರದಿಂದ, ಎಬ್ಬಿಸಿದರೂ ಏಳದ ಹುಡುಗಿ ಬೆಳಕು ಹರಿಯುವಷ್ಟರಲ್ಲಿ ಎದ್ದು ಹೊರಡತೊಡಗಿದಳು. ಕೇಳಿದರೆ, "ಫ್ರೆಂಡ್ಸ್ ಮನೇಲಿ ಓದ್ಕೊಳಕ್ಕೆ" ಎನ್ನುತ್ತಿದ್ದಳು. ಹಿಂದಿರುಗಿದಾಗ ಬೆರಳೆಲ್ಲ ಸೋಪಿಗೂ ಬಗ್ಗದ ಕಪ್ಪು ಅಂಟು. ಹತ್ತಿರ ಬಂದರೆ ಹೊಗೆಸೊಪ್ಪಿನ ಘಾಟು. ಬೀಡಿ! ನನ್ನಾಕೆಗೆ ಹೇಳಿದರೆ, "ನಿಮ್ ತಲೆ" ಎಂದಳು. ಕದ್ದು ಮಗಳ ಬ್ಯಾಗು ನೋಡಿದೆ. ಒಂದು ಚೀಟಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಒಂದೊಂದು ದಿನಕ್ಕೂ ಒಬ್ಬೊಬ್ಬ ಹುಡುಗಿಯ ಹೆಸರು. ಬೀಡಿಕಟ್ಟು ತರುವ ಸರದಿಯಲ್ಲದೆ ಮತ್ತಿನ್ನೇನು?

ಶುಕ್ರವಾರ ಹಿಂಬಾಲಿಸಿದೆ. ಊರಾಚೆಯ ಹೊಲವೊಂದರ ಬೇಲಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಇಣುಕುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಏನ್ ಮೇಷ್ಟ್ರೇ, ಚೊಂಬಿಲ್ದೇ ಬಂದ್ಬುಟ್ರಾ?" ಜವರೇಗೌಡರು! ನಾನು ತಡವರಿಸುತ್ತ ಎದ್ದು ನಿಂತೆ. ಹೊಲದಲ್ಲಿ ಏಳು ಹುಡುಗಿಯರು ಸಾಲಾಗಿ ಬಗ್ಗಿ ಸೊಪ್ಪು ಮುರಿಯುತ್ತಿದ್ದರು. ನನ್ನ ಮಗಳು ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು.

"ಮುಯ್ಯಾಳು ಕಣ್ರೀ. ಇವತ್ತು ನಮ್ಮೊಲ, ನಾಳೆ ಇನ್ನೊಬ್ರುದು. ನಿಮ್ ಬೆಲ್ಲು ಹೊಡಿಯಷ್ಟೊತ್ಗೆ ಕೆಲ್ಸ ಮುಗೀತದೆ" ಎಂದರು ಗೌಡರು.

ನನ್ನ ಅನುಮಾನ ಅಲ್ಲಿಯೂ ಸುಮ್ಮನಿರಲಿಲ್ಲ. "ನಮಗೆ ಹೊಲವೇ ಇಲ್ಲವಲ್ಲ? ಶುಭಾಗೆ ಮುಯ್ಯಿ ಹೇಗೆ ತೀರಿಸ್ತೀರಿ?" ಎಂದೆ.

ಮಂಗಳಾ ತಲೆಯೆತ್ತಿ, "ನಾವೆಲ್ಲ ದಿನಾ ಸ್ಕೂಲಿಗೆ ಬರದೇ ಮುಯ್ಯಿ ಸಾ. ಅವ್ಳು ಅಂಗೇ ಮಾತಾಡವ್ಳೆ" ಎಂದಳು.

ಗೌಡರು ತಲೆ ಕೆರೆದುಕೊಂಡರು. "ಮುಯ್ಯಿ ಉಳಿಸ್ಕಂಡ್ರೆ ಊರಲ್ಲಿ ಮಕ ತೋರ್ಸಕಾದದಾ? ಕಳಿಸ್ತೀನಿ ಬುಡಿ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಆ ವಯಸ್ಸಿನಲ್ಲಿ ನನಗೆ ಇಂಥದ್ದೊಂದು ಹೊಳೆದಿರಲಿಲ್ಲ. ಈ ವಯಸ್ಸಿನಲ್ಲೂ ಹೊಳೆದಿರಲಿಲ್ಲ.

ಹುಡುಗಿಯರನ್ನು ನೋಡಿ ಹುಡುಗರೂ ಮುಯ್ಯಾಳಿಗೆ ಇಳಿದಿದ್ದರಂತೆ; ಆ ವಾರ ಒಬ್ಬೊಬ್ಬರಾಗಿ ಮರಳುತ್ತಿದ್ದ ತರಗತಿ ಅಂದು ಪೂರ್ತಿ ತುಂಬಿತು. ಬೆಂಚು ಸಾಲದೆ ಇಬ್ಬರು ಕಿಟಕಿಯ ಕಟ್ಟೆಗೆ ಒರಗಿದರು. ಮಂಗಳಾ ಎದ್ದು ನಿಂತು, "ಎಲ್ಲಾ ಬಂದಿದ್ದೀವಿ ಸಾ, ನೀವು ಮುಂದಕ್ ಹಾಕಿದ್ರಲ್ಲ, ಆ ದೊಡ್ಡ ಪ್ರಮೇಯ ಮಾಡಿ" ಎಂದಳು. ಈಗ ನಿಮ್ಮಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ರೇಖಾಗಣಿತದ ಆ ಪ್ರಮೇಯ ನನಗೂ ಅಷ್ಟಕ್ಕಷ್ಟೇ. ಪ್ರತಿ ವರ್ಷ ಸೊಪ್ಪಿನ ಕಾಲಕ್ಕೆ ಅಲ್ಲಿಗೆ ಬಂದು ನಿಂತು, "ಅರ್ಧ ಜನ ಇಲ್ಲ, ಎಲ್ಲರೂ ಬರಲಿ" ಎಂದು ಮುಂದಕ್ಕೆ ಹಾಕುತ್ತ ಇಷ್ಟು ವರ್ಷ ಮಾನ ಉಳಿಸಿಕೊಂಡು ಬಂದಿದ್ದೆ. ಹಾಜರಿಯನ್ನು ಎರಡು ಸಲ ಕೂಗಿದೆ. ಒಬ್ಬರೂ ತಪ್ಪಿರಲಿಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಎರಡನೆಯದು ಯಾವ ಕಡೆಗೆ ಎಂದು ತೋಚದೆ, ಈಗ ಬಂದೆ ಎಂದು ಹೊರಟೆ. ಹೆಡ್ಮಾಸ್ಟರ ಕೋಣೆಗೆ ಹೋಗಿ ಅರ್ಧ ದಿನದ ರಜೆಗೆ ಅರ್ಜಿ ಬರೆದುಕೊಟ್ಟೆ. ಆ ದಿನ ನಮ್ಮ ತರಗತಿಯಲ್ಲಿ ಗೈರುಹಾಜರಾದವನು ನಾನೊಬ್ಬನೇ.