ಗೇಟಿನ ಮುಂದಿನ ಮಡಿಕೆ

ನಾನು ಸತ್ತಾಗ ನಮ್ಮೂರು ಕೋಗಿಲಲ್ಲಿ ಮೂರು ಸಾವ್ರ ಜನ ಸೇರಿದ್ರು ಕಣಪ್ಪ. ಯಲಹಂಕದಿಂದ ಏರ್‌ಪೋರ್ಟ್ ರೋಡ್‌ಗಂಟ ಗಾಡಿ ನಿಂತ್ಬಿಟ್ವು. ಎರಡು ಇಮಾನ ಲೇಟಾಗಿ ಆರಿದ್ವಂತೆ.

ಯಾಕಂಗೆ ನೋಡ್ತೀಯ? ಸರಿ, ಅರ್ಧ ಸುಳ್ಳು ಅಂತಿಟ್ಕೋ. ಮೂರು ಸಾವ್ರ ಅಲ್ಲ, ಮೂವತ್ತು. ಇಮಾನ ನಾನೇ ಸೇರಿಸ್ದೆ. ಸತ್ತಿದ್ದೂ ಪೂರ್ತಿ ಏನಲ್ಲ, ಬರೀ ಮುಕ್ಕಾಲು ಗಂಟೆ ಅಷ್ಟೆ. ಆದ್ರೆ ತಮಟೆ ಬಡ್ದಿದ್ದು ನಿಜ, ಶಾಮಿಯಾನ ಆಕಿದ್ದು ನಿಜ, ಅದ್ರಿಂದ ನಮ್ಮ ಮೇಲ್ಗಡೆ ಮನೆ ಗೋದಾಗೆ ಆದ ಪಾಡೂ ನಿಜ. ಎಲ್ಲಾ ಒಂದು ಮಡಿಕೆಯಿಂದ.

ಗೋದಾ ಅಂದ್ರೆ ನಮ್ಮನೆ ಮೇಲೆ ಬಾಡ್ಗೆಗಿರೋ ಶಶಿರೇಖಾ ಮಗ್ಳು. ಅಯ್ಯಂಗಾರ್ರ ಮನೆ ಉಡ್ಗಿ, ಬುದ್ಧಿ ಅಂದ್ರೆ ಬಾಳ ಚುರ್ಕು. ಇಂಜಿನೀರೋ ಡಾಕ್ಟ್ರೋ ಆಗ್ತಾಳೆ ಅಂತ ನಾನಿದ್ರೆ, ಕಾಲೇಜಲ್ಲಿ ಮಡಿಕೆ ಮಾಡೋದು ಓದ್ತಾವ್ಳೆ. ಸೆರಾಮಿಕ್ಸು ಅಂತ ಅದ್ಕೆಸ್ರು. ನಮ್ಮ ಕುಂಬಾರ್ ಬೀದಿಯೋರೆಲ್ಲ ಚಕ್ರ ಬಿಟ್ಟು ಸ್ಟೇರಿಂಗ್ ಇಡ್ದು ಏರ್‌ಪೋರ್ಟ್ ಟ್ಯಾಕ್ಸಿ ಓಡುಸ್ತಾವ್ರೆ. ಇವ್ಳು ನೋಡಿದ್ರೆ ಮೊಣಕೈಗಂಟ ಮಣ್ಣು ಬಳ್ಕೊಂಡು ಬಸ್ ಇಳೀತಾಳೆ. "ಏನವ್ವ, ನಾಟಿ ಮುಗೀತಾ?" ಅಂತೀನಿ ದಿನಾ. ಮೂತಿ ಊದುಸ್ಕೊಂಡು ಮೆಟ್ಲತ್ತುತ್ತಾಳೆ.

ಆ ಉಡ್ಗಿಗೆ ಮೂರು ದೇಶದೋರು ಕಾಗ್ದ ಬರೆದ್ಬಿಟ್ರು. ನಮ್ಮಲ್ಲಿ ಬಂದು ಆರು ತಿಂಗ್ಳು ಓದು ಅಂತ. ಮೂರ್ರಲ್ಲಿ ಒಂದು ಆರುಸ್ಕೊಂಡು ಸೋಮ್ವಾರ ಸಾಯಂಕಾಲ ಐದು ಗಂಟೆ ಒಳ್ಗೆ ಫೋನಲ್ಲಿ ಒತ್ತಬೇಕು. ಒಂದು ಒತ್ತಿದ್ರೆ ಮಿಕ್ಕಿದ್ದೆರಡು ಓಯ್ತು. ಒತ್ತಲೇ ಇಲ್ಲ ಅಂದ್ರೆ ಮೂರೂ ಓಯ್ತು, ಇವ್ಳ ಕ್ಲಾಸಿನ ಮಹತಿ ಅನ್ನೋಳು ಬಾಯ್ಬಿಟ್ಕೊಂಡು ಕಾಯ್ತಾವ್ಳೆ. ನಮ್ಮ ಕಾಲ್ದಲ್ಲಿ ಗಂಡ್ನೇ ಒಂದು ಗಳ್ಗೇಲಿ ಒಪ್ಕೊಂಡ್ವಿ. ಇವ್ಳಿಗೆ ಅದ್ನೈದು ದಿನದಿಂದ ಊರು ಒಪ್ಕೊಳ್ಳೋಕಾಗಿಲ್ಲ.

ಸೋಮ್ವಾರ ಬೆಳಿಗ್ಗೆ ನಮ್ಮ ಜಗ್ಲಿ ಮೇಲೆ ಮೂರು ಕಾಗ್ದ ಅರಡ್ಕೊಂಡು ಕೂತ್ಳು.

"ಯಾವ್ಯಾವ ಊರವ್ವ?" ಅಂದೆ.

"ಒಂದು ಜಪಾನ್ ಅಜ್ಜಿ. ಒಂದು ಹಂಗೇರಿ."

"ಕೆಂಗೇರಿನಾ? ಅಲ್ಲಿಗೆ ಮೆಟ್ರೋನೇ ಐತಲ್ಲೇ! ಯಶ್ವಂತ್ಪುರದಲ್ಲಿ ಅತ್ತು, ಮೆಜೆಸ್ಟಿಕ್ಕಲ್ಲಿ ಬದ್ಲಾಯ್ಸು. ಆರು ತಿಂಗ್ಳು ಯಾಕೆ, ಊಟದೊತ್ಗೆ ವಾಪಸ್ ಬರ್ಬೋದು."

"ಕೆಂಗೇರಿ ಅಲ್ಲ ಅಜ್ಜಿ, ಹಂಗೇರಿ! ಯೂರೋಪು!"

"ಅದೇ ಕಣೆ, ಅಂಗೇರಿ. ಮೂರ್ನೇದು?"

"ಡೆನ್ಮಾರ್ಕ್."

"ದನ ಮಾರ್ಕಾ? ದನ ಮಾರೋ ಊರ್ಗೆ ನಿನ್ನ ಕಳ್ಸಿದ್ರೆ ನಿಮ್ಮವ್ವ ಉಪ್ವಾಸ ಬೀಳ್ತಾಳೆ."

ಅಷ್ಟೊತ್ಗೆ ಶಶಿರೇಖಾ ಮೆಟ್ಲ ಮೇಲಿಂದ್ಲೇ, "ಜಪಾನ್ ಬೇಡ ಕಣೇ, ಅಲ್ಲಿ ಸಾರಿಗೂ ಮೀನು ಹಾಕ್ತಾರಂತೆ" ಅಂದ್ಳು. ಎದುರುಮನೆ ನಾಗಭೂಷಣ ಪೇಪರ್ ಮಡಿಚ್ಕೊಂಡು ಬಂದೇ ಬಿಟ್ಟ. ರಿಟೈರಾದ ಮನ್ಷ, ತಿರುಪತಿ ಆಚೆ ಭೂಮಿ ಐತೋ ಇಲ್ವೋ ಕಂಡೋನಲ್ಲ.

"ನೋಡಮ್ಮ ಗೋದಾ, ಜಪಾನಲ್ಲಿ ಭೂಮಿ ನಡುಗುತ್ತೆ. ನೀನು ಮಾಡಿದ ಮಡಿಕೆ ಸಾಯಂಕಾಲಕ್ಕೆ ಚೂರು. ಡೆನ್ಮಾರ್ಕಲ್ಲಿ ಚಳಿ, ಮಣ್ಣೇ ಐಸಾಗಿರುತ್ತೆ, ಕಲಸೋಕೇ ಬರಲ್ಲ. ಹಂಗೇರಿ ಬೆಸ್ಟು."

"ಹಂಗೇರಿಲಿ ಏನ್ ಚೆನ್ನಾಗಿದೆ ಅಂಕಲ್?"

"ಅದು ಗೊತ್ತಿಲ್ಲಮ್ಮ. ಮಿಕ್ಕಿದ್ದೆರಡು ಚೆನ್ನಾಗಿಲ್ಲ."

ಆತ ಮನೆಗೋದ್ಮೇಲೆ ಗೋದಾ ನನ್ನ ಕಿವೀಲಿ ಅಂದ್ಳು, "ಅಜ್ಜಿ, ನಿಜ ಹೇಳ್ಲಾ? ನಂಗೆ ಯಾವ್ ದೇಶ ಆದ್ರೂ ಸರಿ. ಈ ಬೀದಿ ಬಿಟ್ಟು ಆರು ತಿಂಗ್ಳು ದೂರ ಇರ್ಬೇಕು. ಇಲ್ಲಿ ನಾನು ಸೀನಿದ್ರೂ ಅಂಕಲ್ ವಾಟ್ಸಾಪ್ ಗ್ರೂಪಲ್ಲಿ ಹಾಕ್ತಾರೆ. ಉಸಿರು ಕಟ್ಟುತ್ತೆ."

ಪಾಪ ಅನ್ನುಸ್ತು. ಅದಕ್ಕೇ ಬೆರಣಿ ಕೊಟ್ಟೆ.

ಬೆರಣಿ ಯಾಕೆ ಅಂದ್ಯಾ? ದನಮಾರ್ಕಿನ ಮೇಷ್ಟ್ರಮ್ಮ ಒಬ್ಳು, ಇಂಗ್ರಿಡ್ ಅಂತೆ, ನಾನು ಇಂಗಮ್ಮ ಅಂತೀನಿ, ಸಾಯಂಕಾಲ ನಾಲ್ಕೂವರೆಗೆ ಫೋನಲ್ಲಿ ಮುಖ ತೋರುಸ್ಕೊಂಡು ಮಾತಾಡ್ತೀನಿ ಅಂದಿದ್ಳು. "ಕರೆಂಟು ಗೂಡಲ್ಲಿ ಸುಟ್ಟ ಮಡಿಕೆ ಬೇಡ, ನಿಮ್ಮೂರ ಬೆಂಕೀಲಿ ಸುಟ್ಟಿದ್ದು ತೋರ್ಸು" ಅಂದಿದ್ಳು. ಟೆರೇಸಲ್ಲಿ ಸುಡಾನ ಅಂದ್ರೆ ಶಶಿರೇಖಾ ಅಲ್ಲಿ ಸಂಡಿಗೆ ಒಣಗಾಕವ್ಳೆ. ಸಂಡಿಗೆಗೆ ಒಗೆ ಇಡುದ್ರೆ ಮಗ್ಳು ಅಂತ್ಲೂ ನೋಡಾಕಿಲ್ಲ. ಸರಿ, ಗೇಟಿನ ಮುಂದೆ ಸುಡು ಅಂದೆ. ನಮ್ಮ ಅಸಿನ ಬೆರಣಿ, ವಸಿ ಉಲ್ಲು, ಮರದ್ಪುಡಿ. ಮಧ್ಯಾನಕ್ಕೆ ಅಚ್ಚಿದ್ಳು. ಮೂರೂ ಮುಕ್ಕಾಲಿಗೆ ಮಡಿಕೆ ಆಚ್ಗೆ ತೆಗ್ದು ಮೂರು ಇಟ್ಗೆ ಮೇಲೆ ಆರೋಕಿಟ್ಟು, ಕಣ್ಣು ತೊಳ್ಕೊಳ್ಳೋಕೆ ಇತ್ಲಿಗೆ ಓದ್ಳು.

ಒಗೆ ಅಂದ್ರೆ ಎಂಥಾ ಒಗೆ! ಎಬ್ಬಾಳದ ಸೇತ್ವೆ ಮೇಲಿರೋರ್ಗೂ ಕಣ್ಣುರೀತಂತೆ. ನಾನು ಮೂಗಿನ ಎರಡೂ ಒಳ್ಳೇಗೂ ಅತ್ತಿ ತುರುಕ್ಕೊಂಡು, ನಡುಮನೇಲಿ ಚಾಪೆ ಆಕ್ಕೊಂಡು, ಬಿಳೀ ಪಂಚೆ ಒದ್ಕೊಂಡು ಮಲುಕ್ಕೊಂಡೆ. ಬಾಗ್ಲು ತೆಗ್ದಿತ್ತು.

ಈಗ ನೀನೇ ಯೋಳು. ಮನೆ ಮುಂದೆ ಬೆರಣಿ ಬೆಂಕಿ. ಪಕ್ಕದಲ್ಲೊಂದು ಒಸ ಮಡಿಕೆ. ಒಳ್ಗೆ ಮೂಗಿಗೆ ಅತ್ತಿ ಇಟ್ಕೊಂಡು ಮುದ್ಕಿ. ನಮ್ಮ ಕಡೆ ಇದ್ನ ನೋಡುದ್ಮೇಲೆ ಯಾರಾದ್ರೂ ಏನಾಯ್ತು ಅಂತ ಕೇಳ್ತಾರಾ?

ನಾಗಭೂಷಣನೂ ಕೇಳ್ಲಿಲ್ಲ. ಕ್ಷೌರ ಮಾಡುಸ್ಕೊಂಡು ಬತ್ತಿದ್ದೋನು ಗೇಟಲ್ಲೇ ನಿಂತು, ಕೈ ಮುಗ್ದು, ಆ ಮುಗ್ದ ಕೈಯಲ್ಲೇ ಫೋನ್ ತೆಗ್ದ. "ಲಕ್ಷ್ಮಿದೇವಮ್ಮ ಇನ್ನಿಲ್ಲ. ಓಂ ಶಾಂತಿ." ಆಮೇಲೆ ಕೈ ಮುಗ್ದಿರೋ ಗೊಂಬೆ ಅದ್ನಾರು.

ಚಿಕ್ಕಜಾಲದಲ್ಲಿರೋ ನನ್ನ ತಮ್ಮ ಚಿಕ್ಕಹನುಮಯ್ಯಂಗೆ ಯಾರೋ ಅದ್ನ ತೋರುಸ್ಬಿಟ್ರು. ನಿಜಾನಾ ಅಂತ ಕೇಳಾನ ಅಂದು ನನ್ನ ಫೋನಿಗೇ ಮಾಡವ್ನೆ. ಸತ್ತೋಳ್ಗೇ ಫೋನ್ ಮಾಡೋ ಬುದ್ಧಿವಂತ, ನನ್ನ ಒಡುಟ್ದೋನಲ್ವಾ. ಫೋನ್ ಜಗ್ಲಿ ಮೇಲೆ ಬಡ್ಕೊಂತಿತ್ತು. ಗೋದಾ ಎತ್ತುದ್ಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಗಂಟ್ಲು ಕಟ್ಟೈತೆ. ಅಂಗೇ ಕೆಮ್ಕೊಂಡು, "ಅಜ್ಜಿ… ಹೊಗೆ… ಹೋದ್ರು…" ಅಂದ್ಳು.

ಒಗೆ ತಡ್ಯಾಕಾಗ್ದೆ ಅಜ್ಜಿ ಒಳಗೋದ್ರು ಅಂತ ಯೋಳಾಕೆ ಓಗಿದ್ದು. ಕೆಮ್ಮಲ್ಲಿ ಮಧ್ಯದ್ದೆಲ್ಲ ನುಂಗೋಯ್ತು. ನಮ್ಮ ಬೆಂಗ್ಳೂರಲ್ಲಿ 'ಒಗೆ' ಅಂದ್ರೆ ಏನು ಅಂತ ಆಟೋ ಡ್ರೈವರ್ನ ಕೇಳು, ಯೋಳ್ತಾನೆ. 'ಒಗೆ' ಅಂದ್ರೂ ಅದೇ, 'ಓದ್ರು' ಅಂದ್ರೂ ಅದೇ. ಉಡ್ಗಿ ಒಂದೇ ಉಸ್ರಲ್ಲಿ ನನ್ನ ಎರಡು ಸಲ ಸಾಯಿಸ್ಬಿಟ್ಳು!

"ಅಯ್ಯೋ ಅಕ್ಕಾ!" ಅಂತ ಆ ಕಡೆಯಿಂದ ಕಿರುಚಿದ್ದು ಕೇಳ್ತಂತೆ. ಇವ್ಳಿಗೆ ಅರ್ಥ ಆಗ್ಲಿಲ್ಲ. ಫೋನಿಟ್ಟು, ಸೀರೆ ಉಟ್ಕೊಳ್ಳೋಕೆ ಮೇಲಕ್ಕೋದ್ಳು. ದನಮಾರ್ಕಿನೋರ್ಗೆ ಸೀರೇಲಿ ಕಾಣುಸ್ಬೇಕು ಅಂತ ಶಶಿರೇಖಾ ಅಟ.

ನಾಲ್ಕೂವರೆಗೆ ಎರಡು ನಿಮಿಷ ಇದ್ದಂಗೆ ಕೆಳ್ಗಿಳಿದ್ರೆ ಬೀದೀಲಿ ಶಾಮಿಯಾನ! ಶಾಮಿಯಾನ ಅಂಗ್ಡಿ ವಹಾಬು ಯಾರೂ ಕರೀದಿದ್ರೂ ಓಡಿ ಬಂದವ್ನೆ, ಕುರ್ಚಿ ಇಳುಸ್ತಾವ್ನೆ, ಕಣ್ಣೊರ್ಸ್ಕೊಂತಾವ್ನೆ. ಚಿಕ್ಕಹನುಮಯ್ಯ ಆಳುದ್ದದ ಆರ ಇಡ್ಕೊಂಡು, ತಮಟೆಯೋರ್ನ ಕರ್ಕೊಂಡು ಬಂದವ್ನೆ.

"ಅಯ್ಯೋ, ಅಜ್ಜಿ ಸತ್ತಿಲ್ಲ! ಅದು ನನ್ನ ಮಡಿಕೆ!" ಅಂತ ಗೋದಾ ಕೂಗುದ್ಳು.

"ಪಾಪ, ಮೊಮ್ಮಗ್ಳಂಗಿದ್ಳು, ಒಪ್ಕೊಳ್ಳೋಕೆ ಆಗ್ತಿಲ್ಲ" ಅಂತ ನಾಗಭೂಷಣ ಅವ್ಳ ತಲೆ ಸವರ್ದ.

"ಅತ್ಕೊಂಬಿಡವ್ವ, ಅಗುರಾಯ್ತದೆ" ಅಂದ ತಮ್ಮ.

"ನಿಜವಾಗ್ಲೂ ಸತ್ತಿಲ್ಲ ರೀ! ಮಲಗಿದಾರೆ!"

"ಔದೇಳು, ನಮ್ಮಮ್ಮಾಜಿ ಮಲ್ಗಿದಂಗೇ ಅವ್ರೆ" ಅಂದು ವಹಾಬು ಗೊಳೋ ಅಂದ.

ಅದೇ ಗಳ್ಗೆಗೆ ಫೋನು ಕೂಗ್ತು. ಇಂಗಮ್ಮ! ಗೋದಾ ಮೊದ್ಲೇ ಗೇಟಿನ ಕಂಬಕ್ಕೆ ಫೋನ್ ಕಟ್ಟಿದ್ಳು, ಮಡಿಕೆ ಸರ್ಯಾಗಿ ಕಾಣ್ಲಿ ಅಂತ. ಒತ್ತುದ್ಳು. ಆ ಕಡೆ ಬೆಳ್ಳಿಕೂದ್ಲ ಎಂಗ್ಸು ನಗ್ತಾ ಕೈ ಬೀಸ್ತಾವ್ಳೆ, ಈ ಕಡೆ ತಮಟೆ ಶುರುವಾಯ್ತು.

ನಂಗೆ ಎಚ್ಚರ ಆಗಿರ್ಲಿಲ್ವಾ ಅಂತ ಕೇಳ್ಬೇಕು ಅಂತಿದೀಯಾ. ಆಗಿತ್ತು ಕಣಪ್ಪ. ತಮ್ಮನ ಎಂಡ್ತಿ ನಾಗಲಕ್ಷ್ಮಿ ಬಂದು ಎದೆ ಮೇಲೆ ಬಿದ್ದಾಗ್ಲೇ ಆಗಿತ್ತು. ಆದ್ರೆ ಸತ್ಮೇಲೆ ಜನ ಏನಂತಾರೆ ಅಂತ ಕೇಳೋ ಯೋಗ ಎಷ್ಟು ಜನಕ್ಕೆ ಸಿಕ್ತದೆ? ಮುದ್ದೆ ಕಟ್ಟಿದ್ರೆ ನಂದೇ ಅಂತೆ. ಮನ್ಸು ಬೆಣ್ಣೆ ಅಂತೆ. ಬದುಕಿದ್ದಾಗ ಒಂದಿನ ಯೋಳಿದ್ರೆ ಇವ್ರ ಗಂಟೇನ್ ಓಯ್ತಿತ್ತು? ಉಸ್ರು ಬಿಗಿ ಇಡ್ಕೊಂಡು ಸವೀತಾ ಮಲ್ಗಿದ್ದೆ.

ಎಷ್ಟೊತ್ತೂ ಮಲ್ಗಿರ್ತಿದ್ದೆ. ಅಷ್ಟ್ರಲ್ಲಿ ನಾಗಲಕ್ಷ್ಮಿ, "ಅತ್ಗೇ… ಈ ಕಿವೀ ಓಲೆ ನಿಂಗೇ ಕಣೇ ಅಂದಿದ್ಯಲ್ಲೇ ಅತ್ಗೇ…" ಅಂತ ರಾಗ ಎಳ್ದು ಕಿವಿಗೆ ಕೈ ಆಕುದ್ಳು.

ಎದ್ದು ಕೂತೆ. "ಯಾವತ್ತೇ ಅಂದಿದ್ದೆ?" ಅಂದೆ.

ಅವ್ಳು ಕಿರುಚಿದ ಕೂಗಿಗೆ ಕೆಂಪಾಪುರದ ನಾಯಿಗ್ಳೆಲ್ಲ ಬೊಗಳ್ದವು. ವಹಾಬು ಕುರ್ಚಿ ಸಮೇತ ಓಡ್ದ. ನಾಗಭೂಷಣ ಚರಂಡಿಗಿಳ್ದ. ನಾನು ಅತ್ತಿ ಇಟ್ಕೊಂಡೇ, ಪಂಚೆ ಒದ್ಕೊಂಡೇ ಬಾಗ್ಲಿಗೆ ಬಂದೆ. ಅತ್ತ ನನ್ನ ತಮ್ಮ, ಎಗಲ ಮೇಲೆ ಒತ್ಕೊಂಡೋಗಾನ ಅಂತ ಗೋದಾ ಮಾಡಿದ ಮಡಿಕೆ ಎತ್ತಿದ್ದೋನು, ಒಂದು ಸಲ ಅದು ಸುಟ್ಟಿದ್ದಕ್ಕೆ ಕೂಗ್ದ, ಇನ್ನೊಂದು ಸಲ ನನ್ನ ಕಂಡಿದ್ದಕ್ಕೆ ಕೂಗ್ದ, ಬಿಟ್ಬಿಟ್ಟ. ಮಡಿಕೆ ಎಂಟು ಚೂರು. ಫೋನಿನ ಕಣ್ಣೆದ್ರಿಗೇ!

ಬೀದಿ ತುಂಬಾ ಬಿದ್ದಿರೋ ಕುರ್ಚಿ, ಒಗೆ, ಚೂರು. ಆ ಕಡೆ ಇಂಗಮ್ಮ ಎರಡು ಕೆನ್ನೆಗೂ ಕೈ ಇಟ್ಕೊಂಡು ನೋಡ್ತಾವ್ಳೆ. ಆಮೇಲೆ ಮಾತು ಬಂತು. ಮಾತೇನು, ಕಣ್ಣೀರೇ ಬಂತು. ನಂಗೆ ಇಂಗ್ಲೀಷು ಬರಾಕಿಲ್ಲ, ಶಶಿರೇಖಾ ಆಮೇಲೆ ಯೋಳಿದ್ದು.

"ಎಂಥಾ ಆಚರಣೆ! ಮಣ್ಣು ಸುಡ್ತೀರ, ಊರೇ ಸೇರಿ ಅಳ್ತೀರ, ಮಡಿಕೆ ಒಡೀತೀರ, ಆಗ ಮುದ್ಕಿ ಮತ್ತೆ ಉಟ್ಟಿ ಬತ್ತಾಳೆ! ಇದು ಎಷ್ಟು ಸಾವ್ರ ವರ್ಷದ್ದು?"

ಗೋದಾ ಕಣ್ಣು ಗಡಿಯಾರದ ಮೇಲೆ. ನಾಲ್ಕೂ ಮುಕ್ಕಾಲು. ಮಡಿಕೆ ಇಲ್ಲ. ನಿಜ ಯೋಳಿದ್ರೆ ನಗ್ತಾಳೆ. ಒಂದ್ಸಲ ನನ್ನ ಕಡೆ ನೋಡುದ್ಳು. ನಾನು ಮೂಗಿನ ಅತ್ತಿ ತೆಗೀದೆ, ಉಂ ಅನ್ನು ಅಂತ ತಲೆ ಆಡುಸ್ದೆ.

"ತುಂಬಾ… ಹಳೇದು ಮೇಡಂ" ಅಂದ್ಳು.

"ನೀನು ನಂಗೆ ಬೇಕೇ ಬೇಕು! ಈಗ್ಲೇ ಒಪ್ಕೋ!" ಅಂದ್ಳಂತೆ ಇಂಗಮ್ಮ.

ಐದಕ್ಕೆ ನಾಲ್ಕು ನಿಮಿಷ ಇದ್ದಂಗೆ ದನಮಾರ್ಕ್ ಮೇಲೆ ಒತ್ತುದ್ಳು. ಜಪಾನು ಓಯ್ತು, ಅಂಗೇರಿ ಓಯ್ತು. ಜಪಾನು ಮಹತಿ ಮಡ್ಲಿಗೆ ಬಿತ್ತಂತೆ. ಗೋದಾ ನನ್ನ ತಬ್ಕೊಂಡು ಕುಣುದ್ಳು. "ಅಜ್ಜಿ, ನೀವು ಸತ್ತಿದ್ದು ಸಾರ್ಥಕ! ಆರು ತಿಂಗ್ಳು ಈ ಬೀದಿ ಕಾಟ ಇಲ್ಲ!" ವಹಾಬು ಅದೇ ಶಾಮಿಯಾನದ ಕೆಳ್ಗೆ ಎಲ್ರಿಗೂ ಟೀ ತರ್ಸ್ದ. ನಾಗಭೂಷಣ ಒದ್ದೆ ಕಾಲಲ್ಲೇ ಗ್ರೂಪಲ್ಲಿ ಆಕ್ದ, "ಲಕ್ಷ್ಮಿದೇವಮ್ಮ ಮತ್ತೆ ಇದ್ದಾರೆ."

ಆರು ಗಂಟೆಗೆ ದನಮಾರ್ಕಿಂದ ಫೋನಿಗೆ ಕಾಗ್ದ ಬಂತು. ಗೋದಾ ಜೋರಾಗಿ ಓದೋಕೆ ಶುರು ಮಾಡುದ್ಳು, ಎರಡ್ನೇ ಸಾಲಿಗೆ ಫೋನ್ ಕಣ್ಣತ್ರಕ್ಕೆ ಎಳ್ಕೊಂಡ್ಳು.

"ಏನೇ ಬರೆದವ್ರೆ?" ಅಂದೆ.

"ಅಭಿನಂದನೆ ಅಂತ ಬರ್ದಿದಾರೆ ಅಜ್ಜಿ. ನಾನು ಸೇರಿದೀನಂತೆ." ಆಮೇಲೆ ಮುಂದಿನ ಸಾಲು ಓದುದ್ಳು. "ಇಂಥಾ ಜಾಗ ಬಿಟ್ಟು ನೀನು ಇಲ್ಲಿಗ್ ಬಂದು ಏನ್ ಕಲೀತೀಯ, ನಾವೇ ಅಲ್ಲಿಗೆ ಬರ್ತೀವಿ ಅಂತೆ. ಈ ಸಲದ ಆರು ತಿಂಗ್ಳ ಪಾಠ ಪೂರ್ತಿ ಕೋಗಿಲಲ್ಲೇ. ಇದೇ ಬೀದೀಲಿ. ಹನ್ನೆರಡು ಜನ ಬರ್ತಾರಂತೆ. ನಾನು… ನಾನು ಎಲ್ಲಿಗೂ ಹೋಗೋ ಹಾಗಿಲ್ಲವಂತೆ, ಅವರಿಗೆ ದಾರಿ ತೋರಿಸ್ಬೇಕಂತೆ."

ಶಶಿರೇಖಾ ಖುಷೀಲಿ ಪೆರುಮಾಳ್ಗೆ ದೀಪ ಅಚ್ಚಾಕೆ ಓಡುದ್ಳು. ನಾಗಭೂಷಣ ಗ್ರೂಪಿಗೆ ಅನ್ನೆರಡು ಜನ ಒಸಬ್ರು ಸೇರ್ತಾರೆ ಅಂತ ಕುಣುದ. ಗೋದಾ ನನ್ನ ಜಗ್ಲಿ ಮೇಲೆ ಕೂತು ಆ ಕಾಗ್ದನ ಮತ್ತೆ ಮತ್ತೆ ಓದ್ತಾ ಇದ್ಳು, ಎಲ್ಲಾದ್ರೂ ಒಂದು ಕಡೆ ಊರ ಎಸ್ರು ತಪ್ಪಾಗಿ ಬಿದ್ದಿರ್ಬೋದು ಅಂತ.

ಕಾಗ್ದದ ಕೊನೇಲಿ ಇನ್ನೊಂದು ಮಾತು ಇತ್ತು. ಇಷ್ಟು ದೊಡ್ಡ ಪಾಠಕ್ಕೆ ಮೇಷ್ಟ್ರು ಬೇಕಲ್ಲ, ಅವ್ರನ್ನೂ ಇಂಗಮ್ಮನೇ ಆರುಸ್ಬಿಟ್ಟವ್ಳೆ. ಅವ್ರ ಮಾತು ಗೋದಾ ತಪ್ದೆ ಕೇಳ್ಬೇಕಂತೆ, ಮಾರ್ಕ್ಸು ಕೊಡೋರೂ ಅವ್ರೇ ಅಂತೆ. ಅಲ್ಲೀಗಂಟ ಓದಿ ಉಡ್ಗಿ ತಲೆ ಎತ್ತಿ ನನ್ನ ಮುಖ ನೋಡುದ್ಳು ನೋಡು, ಆ ನೋಟ!

ಮೇಷ್ಟ್ರು ಶಶಿರೇಖಾ ಅಲ್ಲ. ಚರಂಡಿಗಿಳ್ದ ನಾಗಭೂಷಣ ಅಂತೂ ಅಲ್ವೇ ಅಲ್ಲ. ಮತ್ತೆ ಯಾರು ಅಂತೀಯ? ನಾನೇನ್ ಯೋಳಾಕಿಲ್ಲ ಕಣಪ್ಪ, ನೀನೇ ಊಹೆ ಮಾಡು ನೋಡಾನ.