ನೋವು ಅವರದು, ಮಾತು ಮಕ್ಕಳದು

ಕೈಕಾಲು ಸೋತವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಸಿಂಧನೂರಿನಲ್ಲಿ ಕ್ಲಿನಿಕ್ಕು, ಕರೆದರೆ ಬಸ್ಸು ಹತ್ತಿ ಮಸ್ಕಿ, ಲಿಂಗಸುಗೂರಿಗೂ ಹೋಗುತ್ತೇನೆ. ವಯಸ್ಸಾದವರ ಬದಲು ಮಕ್ಕಳೇ ಮಾತಾಡುವ ಪ್ರಸಂಗ ಒಂದಾದರೂ ನಡೆಯದೆ ನನ್ನ ವಾರ ಮುಗಿಯುವುದೇ ಇಲ್ಲ.

ಬಲಗಾಲು

ಪಾಮನಕಲ್ಲೂರಿನ ಅಜ್ಜಿಯನ್ನು ಮಗ ಕರೆತಂದಿದ್ದ. ಮೊಣಕಾಲು ನೋವು.

"ಯಾವ ಕಾಲವ್ವ?" ಅಂದೆ.

"ಬಲಗಾಲು ರೀ," ಅಂದ ಮಗ.

"ಮೆಟ್ಲ ಹತ್ತಿದ್ರ ನೋವಾಗ್ತದೇನು?"

"ನಾ ಹತ್ತಾಕ ಬಿಟ್ಟೇ ಇಲ್ರೀ," ಅಂದ ಮಗನೇ.

ಅಜ್ಜಿಯ ಮುಖವನ್ನೇ ನೋಡುತ್ತ ಕೇಳಿದೆ, "ನಿದ್ದಿ ಬರ್ತದೇನವ್ವ?"

"ಚಲೋ ಬರ್ತದ ರೀ. ಗೊರಕಿ ಹೊಡೀತಾಳ."

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. "ವ್ಯಾಯಾಮನೂ ಅವನಿಗೇ ಮಾಡಿಸ್ರಿ ಮೇಡಂ. ನಾ ಹೊರಗ ಕುಂತು ಚಾ ಕುಡೀತೀನಿ."

ಮಗನೇ ನಾಚಿ ಹೊರಗೆ ಹೋದ. ಆಮೇಲೆ ಗೊತ್ತಾಯಿತು, ನೋಯುತ್ತಿದ್ದದ್ದು ಎಡಗಾಲು.

ಉದ್ದ ತೋಳು

ಮಸ್ಕಿಯ ಟೇಲರ್ ಸಾಹೇಬರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಸ್ವಲ್ಪ ಸುಧಾರಿಸಿದ್ದೇ ತಡ, ಮಿಷಿನ್ ಮುಂದೆ ಕೂಡುತ್ತೇನೆ ಅಂದರು. ಮಕ್ಕಳು ಮಿಷಿನ್ನಿಗೆ ಚಾದರ ಹೊದಿಸಿಬಿಟ್ಟರು. "ಸೂಜಿ ಬೆರಳಾಗ ಹೊಕ್ರ ಏನ್ ಮಾಡ್ತೀರಿ ಅಬ್ಬಾ? ಆರಾಮ್ ಮಾಡ್ರಿ."

ಸಾಹೇಬರು ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, "ಊಟ ಕೊಡ್ತಾರ, ಔಷಧಿ ಕೊಡ್ತಾರ. ನಾ ಕೇಳಿದ್ದೊಂದು ಕೊಡಂಗಿಲ್ಲ."

ದೊಡ್ಡ ಮಗ ಅದನ್ನು ಕೇಳಿಸಿಕೊಂಡು ಮಿಷಿನ್ ಹತ್ತಿರ ಹೋದ. ತಾನೇ ಚಾದರ ಎಳೆದು ತೆಗೆದ.

ಮುಂದಿನ ಸಲ ಹೋದಾಗ ಮೊಮ್ಮಗನಿಗೆ ಜುಬ್ಬಾ ತಯಾರಾಗಿತ್ತು. ಬೆರಳೂ ಸುರಕ್ಷಿತ. ಆದರೆ ಒಂದು ತೋಳು ಉದ್ದ. "ಕೈ ಇನ್ನೂ ಪೂರಾ ಬಂದಿಲ್ಲೇನೋ," ಅಂದ ಮಗ ಅಳುಕುತ್ತ.

ಒಳಗಿನಿಂದ ಸಾಹೇಬರ ಹೆಂಡತಿ ಸಮಾಧಾನ ಹೇಳಿದರು, "ಪೂರಾ ಬಂದದ ಬೇಟಾ. ನಿಮ್ಮ ಅಬ್ಬಾ ಮೊದಲಿಂದ ಹಿಂಗೇ ಹೊಲೀತಿದ್ರು."

ಮೀನು

ಲಿಂಗಸುಗೂರಿನ ನಿವೃತ್ತ ಟೀಚರಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಮತ್ತೆ ನಡೆಯತೊಡಗಿದ ಮೇಲೆ ಮಗ, ಮಗಳು ಅವರ ಮುಂದೆಯೇ ಪಂಚಾಯಿತಿ ಕೂತರು. ಅವ್ವ ಒಬ್ಬಾಕೆ ಇರಬಾರದು, ಅದು ಖಾಯಂ. ನನ್ನ ಮನಿಗೆ ಅಂತ ಮಗ, ನನ್ನ ಮನಿಗೇ ಅಂತ ಮಗಳು. ಕೊನೆಗೆ, "ನೀವರ ಹೇಳ್ರಿ ಮೇಡಂ," ಅಂದರು.

"ಅವರನ್ನ ಕೇಳೀರೇನು?" ಅಂದೆ.

ಕೇಳಿರಲಿಲ್ಲ.

ಟೀಚರಮ್ಮ ನಿಧಾನವಾಗಿ ಹೇಳಿದರು, "ನಾ ಎಲ್ಲೂ ಬರಂಗಿಲ್ಲ. ಒಬ್ಬಾಕಿನೂ ಇರಂಗಿಲ್ಲ. ನನ್ನ ಜೋಡಿ ಸಾಲ್ಯಾಗ ಕಲಿಸ್ತಿದ್ದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಟೀಚರು ಇಲ್ಲಿಗೇ ಇರಾಕ ಬರ್ತಾಳ. ನಾವಿಬ್ರೂ ಮಾತಾಡಿ ಮುಗಿಸೀವಿ."

ಮಗಳ ಕಣ್ಣು ತುಂಬಿತು, ಮಗ ಉಸಿರು ಬಿಟ್ಟು ಗೋಡೆಗೊರಗಿದ. ಅವ್ವನ ಜೊತೆ ಒಬ್ಬರು ಇರುತ್ತಾರಲ್ಲ, ನನಗೂ ಹಗುರವಾಯಿತು. ಆಮೇಲೆ ಮಗನಿಗೆ ಏನೋ ಹೊಳೆದು ನೆಟ್ಟಗೆ ಕೂತ.

"ಅವ್ವ, ಅವ್ರು ದಿನಾ ಮೀನು ಮಾಡ್ತಾರ. ನಾವು ಮುಟ್ಟಂಗಿಲ್ಲ. ಆ ವಾಸನ್ಯಾಗ ನಾವು ಬಂದು ಹೆಂಗ ಇರೋದು?"

"ಬರೂಕಿಂತ ಮೊದ್ಲ ಫೋನ್ ಹಚ್ಚು, ಅವತ್ತು ಮೀನು ಬ್ಯಾಡಂತೀನಿ," ಅಂದರು ಟೀಚರಮ್ಮ. "ಹಿಂಗಾದ್ರೂ ನನ್ನನ್ನ ಒಂದು ಮಾತು ಕೇಳೋದು ನಿಮಗ ರೂಢಿ ಆಗ್ಲಿ."